ಪೂರ್ತಿ ಪುಸ್ತಕ ಯಾರ ಹತ್ರ ಅದ?

ಗಾಣಗಾಪುರಕ್ಕೆ ಹೋದವರು ಸಂಗಮದ ಔದುಂಬರ ಗಿಡದ ಕೆಳಗೆ ಪುಸ್ತಕ ಹಿಡಿದು ಕೂತವರನ್ನು ನೋಡಿಯೇ ಇರ್ತೀರಿ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಜಾಗ ಅದು. ಏಳು ದಿನ ಗುರುಚರಿತ್ರೆಯ ಪಾರಾಯಣ ನಡೀತದೆ. ಸಣ್ಣವನಿದ್ದಾಗ ಹುಣ್ಣಿಮೆಗೆ ಅಜ್ಜಿ ಜೊತೆ ಹೋದರೆ ನನಗೆ ಆ ಮರಾಠಿ ಓವಿ ಒಂದಕ್ಷರವೂ ತಿಳೀತಿರಲಿಲ್ಲ. ಆದರೆ ಒಂದು ವಿಷಯ ಅವತ್ತೇ ತಲೆಯಲ್ಲಿ ಕೂತಿತು. ನಮ್ಮ ಕಡೆ ಓದೋದು ಅಂದ್ರ ಬಾಯಿಬಿಟ್ಟು, ಬಾಜೂಕ ಕೂತವರಿಗೆ ಕೇಳುವಂಗ ಓದೋದು. ಗುರುಚರಿತ್ರೆಯ ಕಟ್ಟೋಣವೂ ಹಾಗೇ ಇದೆ: ನಾಮಧಾರಕ ಕೇಳ್ತಾನೆ, ಸಿದ್ಧಮುನಿ ಹೇಳ್ತಾನೆ. ಎರಡು ದನಿ ಇದ್ದರೆ ಅರ್ಧ ನಾಟಕ ಆದಂಗೇ.

ಇದು ನೆನಪಾಗಿದ್ದು ಬೆಂಗಳೂರಿನಲ್ಲಿ. ಆಫೀಸಿನ ಗೆಳತಿಯೊಬ್ಬಳು ಒಂದು ಹೊಸ ನಾಟಕದ ಓದಿಗೆ ಕರೆದುಕೊಂಡು ಹೋಗಿದ್ದಳು. ಸೆಟ್ ಇಲ್ಲ, ಬಣ್ಣ ಇಲ್ಲ, ಮೇಕಪ್ ಇಲ್ಲ. ಆರು ಜನ ಕುರ್ಚಿ ಮೇಲೆ ಕೂತು, ಕೈಯಲ್ಲಿ ಹಾಳೆ ಹಿಡಿದು ಓದಿದರು. ಮುಗಿದ ಮೇಲೆ ನಾಟಕ ಬರೆದವರು ಮುಂದೆ ಬಂದು ಕೂತರು, ಕೇಳಿದವರು ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಿದರು. "ಒಂಥರಾ ಕೋಡ್ ರಿವ್ಯೂ ಇದ್ದಂಗೆ, ಪ್ರೊಡಕ್ಷನ್‌ಗೆ ಹೋಗೋ ಮೊದಲು ಬಗ್ ಹಿಡಿಯೋದು" ಅಂತ ಗೆಳತಿ ವಿವರಿಸಿದಳು. ಹೊರದೇಶದಿಂದ ಬಂದ ಪದ್ಧತಿ ಅಂತಲೂ ಹೇಳಿದಳು.

ಅವಳ ಮಾತು ಪೂರ್ತಿ ಸುಳ್ಳೇನಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1964ರಲ್ಲಿ ಯೂಜೀನ್ ಓ'ನೀಲ್ ಥಿಯೇಟರ್ ಸೆಂಟರ್ ಶುರುವಾಯಿತು. ಮರುವರ್ಷದಿಂದಲೇ ಅಲ್ಲಿ ಹೊಸ ನಾಟಕಕಾರರನ್ನು ಕರೆಸಿ, ನಟರ ಕೈಗೆ ಹಸ್ತಪ್ರತಿ ಕೊಟ್ಟು ಓದಿಸುವ ಕೆಲಸ ನಡೆಯಿತು. ಆಗಸ್ಟ್ ವಿಲ್ಸನ್ ಅನ್ನುವ ಕರಿಯ ನಾಟಕಕಾರ ಕಳಿಸಿದ ಹಸ್ತಪ್ರತಿಗಳು ಅಲ್ಲಿಂದ ಒಂದಲ್ಲ ಎರಡಲ್ಲ, ಹಲವು ಸಲ ವಾಪಸ್ ಬಂದವು. 1982ರಲ್ಲಿ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಆಯ್ಕೆಯಾಗಿ ಓದಾಯಿತು, 1984ರಲ್ಲಿ ಬ್ರಾಡ್‌ವೇ ಮುಟ್ಟಿತು. ಮುಂದೆ 'ಫೆನ್ಸಸ್' ನಾಟಕಕ್ಕೆ 1987ರ ಪುಲಿಟ್ಜರ್ ಬಂತು.

ಆದರೂ ಆ ರಾತ್ರಿ ಮನೆಗೆ ಬರುವಾಗ ನನಗನ್ನಿಸಿದ್ದು ಇಷ್ಟು: ಇದು ನಮ್ಮೂರ ತಾಲೀಮಿನ ಮೊದಲನೇ ರಾತ್ರಿ ಅಲ್ಲೇನು?

ನಮ್ಮೂರು ಗಾಣಗಾಪುರದ ಹತ್ತಿರದ್ದೇ ಒಂದು ಸಣ್ಣ ಹಳ್ಳಿ. ಜಾತ್ರೆಗೆ ನಾಟಕ ಆಗಲೇಬೇಕು. ಎರಡು ತಿಂಗಳು ಮೊದಲು ಒಂದು ಒಳ್ಳೇ ದಿನ ನೋಡಿ ಪುಸ್ತಕಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪೆಟ್ಟಿಗೆ ಮಾಸ್ತರು ಹಾರ್ಮೋನಿಯಂ ಮುಂದೆ ಕೂತು ನಾಟಕವನ್ನು ಶುರುವಿನಿಂದ ಕೊನೆತನಕ ಓದಿ ಹೇಳ್ತಿದ್ದರು. ಪಾರ್ಟು ಹಂಚುವುದು ಆಮೇಲೆ. ಪಾರ್ಟಿಗೆ ರೊಕ್ಕ ಕೊಡುವವರು, ಬರೇ ಚಾ ಕುಡಿಯಲಿಕ್ಕೆ ಬಂದವರು, ಬಾಗಿಲ ಹೊರಗೆ ನಿಂತ ಹೆಣ್ಣುಮಕ್ಕಳು, ಎಲ್ಲರೂ ಕೇಳ್ತಿದ್ದರು.

ಸಾಮಾನ್ಯವಾಗಿ ಆಡುತ್ತಿದ್ದುದು ಅಚ್ಚಾದ ನಾಟಕ. ಕಂದಗಲ್ಲ ಹನಮಂತರಾಯರ 'ರಕ್ತರಾತ್ರಿ' ಗೊತ್ತಿಲ್ಲದ ಊರು ನಮ್ಮ ಕಡೆ ಸಿಗೋದು ಕಷ್ಟ. ಪಿ.ಬಿ. ಧುತ್ತರಗಿಯವರ ನಾಟಕಗಳೂ ಹಾಗೇ. ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರ್ ಸಿನಿಮಾ ಆಗಿದ್ದು ನಿಮಗೆ ಗೊತ್ತೇ ಇದೆ. ಅಚ್ಚಾದ ನಾಟಕಕ್ಕೇ ಜೋತು ಬೀಳಲು ಒಂದು ವ್ಯಾವಹಾರಿಕ ಕಾರಣವೂ ಇತ್ತು. ಹೆಣ್ಣು ಪಾರ್ಟಿಗೆ ಹೊರಗಿನ ಕಲಾವಿದೆಯರನ್ನು ಕರೆಸಬೇಕು. ಅವರು ಬರೋದು ಹಿಂದಿನ ದಿನ, ಇಲ್ಲಾ ಅವತ್ತೇ ಸಂಜೆ. ಹತ್ತೂರಲ್ಲಿ ಆಡಿದ ನಾಟಕವಾದರೆ ಮಾತೆಲ್ಲ ಬಾಯಿಪಾಠ. ಹೊಸ ನಾಟಕ ಅಂದರೆ ಅವರನ್ನು ನಾಲ್ಕು ದಿನ ಮೊದಲೇ ಕರೆಸಬೇಕು, ಅಷ್ಟು ದಿನದ ಪಗಾರ, ವಸತಿ, ಊಟ. ಹಳ್ಳಿಯಲ್ಲಿ ಹೊಸ ನಾಟಕ ಬರೆಯುವವನ ಮೊದಲ ವೈರಿ ಈ ಲೆಕ್ಕ.

ಇಂಥದ್ದರಲ್ಲೂ 1986ರಲ್ಲಿ ನಮ್ಮ ಕಾಕಾ ಸ್ವಂತ ಒಂದು ನಾಟಕ ಬರೆದ. ಏಳನೇತ್ತೆ ಪಾಸಾದ ಮನುಷ್ಯ. ಸಾಲ ಮಾಡಿದ ರೈತ, ಬಡ್ಡಿ ಸಾವುಕಾರ, ಮಾನಕ್ಕೆ ಅಂಜಿ ಬಾವಿಗೆ ಬೀಳುವ ಸೊಸೆ. ತಾಲೀಮಿನ ಮೊದಲ ರಾತ್ರಿ ಮಾಸ್ತರು ಪೂರ್ತಿ ಓದಿ ಮುಗಿಸಿದಾಗ ಗಂಡಸರು ಚಪ್ಪಾಳೆ ಹೊಡೆದರಂತೆ. ಬಾಗಿಲ ಹೊರಗಿಂದ ಒಬ್ಬ ಮುದುಕಿ ಕೇಳಿದಳಂತೆ: "ಆಕಿ ಯಾಕ ಬಾವಿಗಿ ಬೀಳಬೇಕು? ಆಕಿ ಸತ್ರ ಸಾಲ ಮುಟ್ಟತದೇನು?"

ಕಾಕಾ ಆ ರಾತ್ರಿ ಮಲಗಲಿಲ್ಲ ಅಂತ ಅಪ್ಪ ಹೇಳ್ತಾರೆ. ಮುಂಜಾನೆಯೊಳಗೆ ಕೊನೇ ಸೀನು ಬದಲಾಗಿತ್ತು. ಕನೆಕ್ಟಿಕಟ್‌ನಲ್ಲಿ ಆಗೋದು ಇದೇ ಕೆಲಸ. ನಮ್ಮೂರಲ್ಲಿ ಅದಕ್ಕೆ ಹೆಸರಿರಲಿಲ್ಲ, ಅಷ್ಟೇ.

ಹಾಗಿದ್ದರೆ ಫರಕು ಎಲ್ಲಿ ಬಂತು? ಓದಿನ ಮುಂದಿನ ಹೆಜ್ಜೆಯಲ್ಲಿ.

ನಮ್ಮ ಭೀಮಾ ನದಿಯನ್ನೇ ಹಿಡಿದು ಮೇಲಕ್ಕೆ ಹೋದರೆ ಇಂಡಿ ತಾಲೂಕಿನ ಅಗರಖೇಡ ಸಿಗ್ತದೆ. 1904ರ ಸೆಪ್ಟೆಂಬರ್ 26ರಂದು ಅಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರೇ ಮುಂದೆ ಶ್ರೀರಂಗ ಆದರು. 'ಹರಿಜನ್ವಾರ', 'ಶೋಕಚಕ್ರ', 'ಕೇಳು ಜನಮೇಜಯ' ಬರೆದವರು. ಒಂದೇ ನದಿ, ಆದರೆ ಆಗ ಎರಡು ರಾಜ್ಯ. ಅಗರಖೇಡ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು, ಗಾಣಗಾಪುರ ನಿಜಾಮರ ಹೈದರಾಬಾದಿನಲ್ಲಿ. ಶ್ರೀರಂಗರಿಗೆ ವಿಜಯಪುರ, ಪುಣೆ, ಲಂಡನ್ನಿನ ದಾರಿ ತೆರೆಯಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರ ಹುದ್ದೆ ಸಿಕ್ಕಿತು. ನಮ್ಮ ದಂಡೆಯಲ್ಲಿ ಸರ್ಕಾರಿ ಭಾಷೆ ಉರ್ದು, ಕನ್ನಡ ಶಾಲೆ ಅಪರೂಪ. 1948ರ ಸೆಪ್ಟೆಂಬರ್ ತನಕ ಇದೇ ಪರಿಸ್ಥಿತಿ. ಏಕೀಕರಣದ ವರ್ಷ, 1956ರಲ್ಲಿ, ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಶ್ರೀರಂಗರೇ ಅಧ್ಯಕ್ಷರಾಗಿ ಬಂದರು. ನಾಟಕ ಬರೆಯುವವನೊಬ್ಬ ನಮ್ಮ ಭಾಗಕ್ಕೆ ಹಾಗೆ ಬಂದದ್ದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಧಾರವಾಡದಲ್ಲಿ ಇನ್ನೊಂದು ಇತ್ತು: ಅಟ್ಟ. ಜಿ.ಬಿ. ಜೋಶಿ 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಮಹಡಿ. ಜೋಶಿಯವರು ಸ್ವತಃ ನಾಟಕಕಾರರು, ಅವರ ಜೊತೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು. ಹೊಸಬ ತಂದ ಹಸ್ತಪ್ರತಿಯನ್ನು ಓದುವ, ಕೇಳುವ, ತಪ್ಪು ಹೇಳುವ, ಕೊನೆಗೆ ಅಚ್ಚು ಹಾಕುವ ಜಾಗ. ಆಕ್ಸ್‌ಫರ್ಡಿಗೆ ಹೊರಟಿದ್ದ ಇಪ್ಪತ್ತೆರಡರ ಹುಡುಗ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಬಂತು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕ ಇಲ್ಲ ಅನ್ನುವ ಕುರ್ತಕೋಟಿಯವರ ತಕರಾರೇ 'ತುಘಲಕ್'ಗೆ ಬೀಜ. ನಮ್ಮೂರ ಮುದುಕಿ ಮಾಡಿದ್ದೂ ಅದೇ ಜಾತಿಯ ಕೆಲಸ, ಒಂದು ತಕರಾರು ಎತ್ತಿದಳು. ಆದರೆ ಅವಳ ಹಿಂದೆ ಛಾಪಖಾನೆ ಇರಲಿಲ್ಲ.

ಅಚ್ಚಾಗದಿದ್ದರೆ ನಾಟಕ ಏನಾಗ್ತದೆ? ಇಂಗ್ಲೆಂಡಿನ ಕಥೆ ಕೇಳ್ರಿ. ಶೇಕ್ಸ್‌ಪಿಯರ್ ಕಾಲದಲ್ಲಿ ನಟನಿಗೆ ಪೂರ್ತಿ ನಾಟಕ ಕೊಡ್ತಿರಲಿಲ್ಲ. ಅವನ ಮಾತು, ಅದಕ್ಕೆ ಮೊದಲು ಬರುವ ಎದುರು ಪಾತ್ರದ ಕೊನೆಯ ಎರಡು-ಮೂರು ಶಬ್ದ, ಇಷ್ಟನ್ನೇ ಬರೆದು ಸುರುಳಿ ಸುತ್ತಿ ಕೊಡ್ತಿದ್ದರು. 'ರೋಲ್' ಅನ್ನುವ ಶಬ್ದ ಬಂದದ್ದೇ ಆ ಕಾಗದದ ಸುರುಳಿಯಿಂದ. ಶೇಕ್ಸ್‌ಪಿಯರ್ ಸತ್ತು ಏಳು ವರ್ಷವಾದ ಮೇಲೆ, 1623ರಲ್ಲಿ, ಅವನ ಜೊತೆಗಾರ ನಟರಿಬ್ಬರು, ಹೆಮಿಂಗ್ಸ್ ಮತ್ತು ಕಾಂಡೆಲ್, 36 ನಾಟಕ ಸೇರಿಸಿ ಅಚ್ಚು ಹಾಕಿಸಿದರು. ಅದರಲ್ಲಿ ಸುಮಾರು ಅರ್ಧ ಅಲ್ಲಿತನಕ ಅಚ್ಚನ್ನೇ ಕಂಡಿರಲಿಲ್ಲ. 'ಮ್ಯಾಕ್‌ಬೆತ್' ಅಂಥದ್ದೊಂದು. ನಮ್ಮಲ್ಲಿ ಟಿ.ಪಿ. ಕೈಲಾಸಂ ನಾಟಕವನ್ನು ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ಬರೆದುಕೊಳ್ಳುವ ಕೈ ಎದುರಿಗಿದ್ದಷ್ಟು ಉಳಿಯಿತು, ಉಳಿದದ್ದು ಕೇಳಿದವರ ಜೊತೆಗೇ ಹೋಯಿತು.

ನಮ್ಮೂರಲ್ಲೂ ಪಾರ್ಟು ಬರೆದುಕೊಳ್ಳುವ ಪದ್ಧತಿ ಇದೇ. ಪೂರ್ತಿ ಪುಸ್ತಕ ಮಾಸ್ತರ ಹತ್ರ ಒಂದೇ. ಉಳಿದವರಿಗೆ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಅವರವರ ಮಾತು, ಎದುರಿನವನ ಕೊನೇ ಶಬ್ದ. ಮಾಸ್ತರು ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ಅವರ ಟ್ರಂಕಿನಲ್ಲಿ ಗೆದ್ದಲು ಬಿಟ್ಟು ಬೇರೇನೂ ಸಿಗಲಿಲ್ಲ. ಕಾಕಾ ಕೂಡ ಈಗಿಲ್ಲ.

ಬೆಂಗಳೂರಿನ ಆ ಓದಿನ ನಂತರ ನಾನು ಊರಿಗೆ ಹೋದಾಗಲೆಲ್ಲ ಕೇಳಲು ಶುರು ಮಾಡಿದೆ: ಪೂರ್ತಿ ಪುಸ್ತಕ ಯಾರ ಹತ್ರ ಅದ? ಯಾರ ಹತ್ರಾನೂ ಇಲ್ಲ. ಒಂಬತ್ತು ಪಾರ್ಟಿನಲ್ಲಿ ಮೂರು ಸಿಕ್ಕವು: ರೈತನದು, ಹಾಸ್ಯದವನದು, ಅರ್ಧ ಹರಿದ ಸಾವುಕಾರಂದು. ನಾಟಕದ ಹೆಸರೇನು ಅಂದರೆ ಮೂವರು ಮೂರು ಹೆಸರು ಹೇಳಿದರು. ಸೊಸೆಯ ಪಾರ್ಟು ಮಾಡಿದ ಕಲಾವಿದೆ ಯಾವ ಊರಿನವರು ಅನ್ನೋದೂ ಯಾರಿಗೂ ನೆನಪಿಲ್ಲ. ಮುದುಕಿಯ ಮಾತಿಗೆ ಬದಲಾದ ಕೊನೇ ಸೀನು ಇದ್ದದ್ದು ಆಕೆಯ ಪಾರ್ಟಿನಲ್ಲೇ.

ಹೋದ ದೀಪಾವಳಿಗೆ ಹನುಮಂತ ದೇವರ ಕಟ್ಟೆ ಮೇಲೆ ಆ ಮೂರು ನೋಟ್‌ಬುಕ್ ಇಟ್ಟುಕೊಂಡು ಓದಿದೆವು. ರೈತನ ಪಾರ್ಟು ಮಾಡಿದವರು, ಈಗ ಎಪ್ಪತ್ತು ದಾಟಿದವರು, ತಮ್ಮದು ತಾವೇ ಓದಿದರು. ಉಳಿದೆರಡು ನಾನು ಮತ್ತು ನನ್ನ ತಮ್ಮ. ಖಾಲಿ ಜಾಗ ಬಂದಾಗ ಸುಮ್ಮನೆ ನಿಲ್ಲಿಸ್ತಿದ್ದೆವು. ಕೇಳುತ್ತ ಕೂತವರಲ್ಲಿ ಯಾರಾದರೂ ತುಂಬ್ತಿದ್ದರು: "ಇಲ್ಲಿ ಸಾವುಕಾರ ಕಾಗದ ತೋರಸ್ತಾನ", "ಇಲ್ಲಿ ಒಂದು ಪದ ಇತ್ತು". ಒಂದು ಪದದ ಧಾಟಿಯನ್ನು ಮೂಲೆಯಲ್ಲಿದ್ದ ಹೆಣ್ಣುಮಗಳೊಬ್ಬಳು ಗುನುಗಿದಳು, ಮಾತು ಮರೆತಿತ್ತು.

ಕೊನೇ ಸೀನು ಬಂತು. ರೈತನ ನೋಟ್‌ಬುಕ್ಕಿನಲ್ಲಿ ಹಳೇ ಮಾತುಗಳನ್ನು ಕಾಟು ಹೊಡೆದು ಬೇರೆ ಮಸಿಯಲ್ಲಿ ಒಂದೇ ಒಂದು ಸಾಲು ಬರೆದಿತ್ತು: "ನೀ ಹೇಳಿದ್ದೇ ಖರೇ ಅದ ಮಗಳ." ಸೊಸೆ ಏನು ಹೇಳಿದ್ದಳು? ಒಬ್ಬರು ಆಕೆ ಕೋರ್ಟಿಗೆ ಹೋಗ್ತೀನಿ ಅಂದಳು ಅಂದರು. ಇನ್ನೊಬ್ಬರು ಊರ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಸಾವುಕಾರನ ಮನೆ ಮುಂದೆ ಕೂತಳು ಅಂದರು. ಅರ್ಧ ಗಂಟೆ ಜಗಳವೇ ಆಯಿತು. ಪ್ರಶ್ನೆ ಕೇಳಿದ್ದ ಮುದುಕಿ ಹೋಗಿ ಎಷ್ಟೋ ವರ್ಷ ಆಗಿದೆ.

ಈಗ ಅಷ್ಟನ್ನೂ ಟೈಪ್ ಮಾಡಿಟ್ಟಿದ್ದೇನೆ. ಸಿಕ್ಕಿದ್ದು, ನೆನಪಿನಿಂದ ಹೇಳಿದ್ದು, ಖಾಲಿ ಇರೋದು, ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ಸೊಸೆಯ ಮಾತನ್ನು ನಾನೇ ಬರೆದು ತುಂಬಿಸಬಹುದಿತ್ತು, ತಮ್ಮ ಹಾಗೇ ಮಾಡು ಅಂದ. ಮಾಡಲಿಲ್ಲ. ಸಾವುಕಾರನ ಮಗನ ಪಾರ್ಟು ಮಾಡಿದವರು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ್ದಾರಂತೆ. ಕೊನೇ ಸೀನಿನಲ್ಲಿ ಸೊಸೆಯ ಎದುರು ನಿಲ್ಲುವವನು ಅವನೇ. ಅವರ ನೋಟ್‌ಬುಕ್ ಸಿಕ್ಕರೆ, ಅವರ ಮಾತಿನ ಮೊದಲು ಆಕೆಯ ಕೊನೆಯ ಎರಡು ಶಬ್ದವಾದರೂ ಇರಬೇಕು. ನಂಬರು ಸಿಕ್ಕಿದೆ, ಮುಂದಿನ ಶನಿವಾರ ಪುಣೆಗೆ ಹೊರಟಿದ್ದೇನೆ.

ನಿಮ್ಮೂರಿಗೆ ಹೋದಾಗ ನೀವೂ ಒಮ್ಮೆ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡ್ರಿ. ಹಳೇ ನೋಟ್‌ಬುಕ್ಕಿನಲ್ಲಿ ಒಬ್ಬನದೇ ಮಾತು ಬರೆದಿದ್ದರೆ, ಅದನ್ನು ರದ್ದಿಗೆ ಹಾಕಬೇಡ್ರಿ. ಉಳಿದವರ ಪಾರ್ಟು ಬೇರೆ ಯಾರದೋ ಮನೆಯಲ್ಲಿರಬಹುದು.