ಬಮಾಕೋ ಸ್ಟುಡಿಯೋ ಛಾಯಾಚಿತ್ರಗಳು

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೋದಲ್ಲಿ, ಮುಖ್ಯವಾಗಿ 1940ರಿಂದ 1970ರ ದಶಕದವರೆಗೆ, ಅಲ್ಲಿನ ಛಾಯಾಗ್ರಾಹಕರು ಊರಿನ ಜನರಿಗಾಗಿ ತೆಗೆದುಕೊಟ್ಟ ಕಪ್ಪು-ಬಿಳುಪು ಚಿತ್ರಗಳಿವು. ಸೇಯ್ದು ಕೆಯಿತಾ ಮತ್ತು ಮಲಿಕ್ ಸಿದಿಬೆ ಈ ಪರಂಪರೆಯ ದೊಡ್ಡ ಹೆಸರುಗಳು. ಬರ, ಯುದ್ಧ, ಕಾಡು ಎಂದು ಹೊರಗಿನವರು ಕಟ್ಟಿಕೊಂಡ ಆಫ್ರಿಕಾದ ಕಲ್ಪನೆಗೆ ಇವು ಬಲವಾದ ಉತ್ತರವಾಗಿ ನಿಂತಿವೆ. ಆದರೆ ಉತ್ತರ ಕೊಡಲೆಂದು ಇವನ್ನು ತೆಗೆದದ್ದಲ್ಲ. ಗಿರಾಕಿಯ ಮನಸ್ಸಿಗೊಪ್ಪುವ ಫೋಟೊ ತೆಗೆಯುವುದು ಇವರಿಬ್ಬರ ಕಸುಬಾಗಿತ್ತು.

ಈ ಸ್ಟುಡಿಯೋಗಳಿಗೂ ಮೊದಲು ಇಲ್ಲಿಗೆ ಕ್ಯಾಮೆರಾ ಬಂದದ್ದು ವಸಾಹತು ಆಡಳಿತದ ಜೊತೆಗೆ. ಸೆನೆಗಲ್‌ನ ಡಾಕರ್‌ನಲ್ಲಿ ನೆಲೆಸಿದ್ದ ಫ್ರೆಂಚ್ ಛಾಯಾಗ್ರಾಹಕ ಎಡ್ಮಂಡ್ ಫೋರ್ತಿಯೆ 20ನೇ ಶತಮಾನದ ಆರಂಭದಲ್ಲಿ ಪಶ್ಚಿಮ ಆಫ್ರಿಕಾದ ಸಾವಿರಾರು ಪೋಸ್ಟ್‌ಕಾರ್ಡ್ ಚಿತ್ರಗಳನ್ನು ಅಚ್ಚು ಹಾಕಿಸಿದ. ಅವುಗಳ ಕೆಳಗೆ ಸಾಮಾನ್ಯವಾಗಿ ಇರುತ್ತಿದ್ದದ್ದು ವ್ಯಕ್ತಿಯ ಹೆಸರಲ್ಲ, ಬುಡಕಟ್ಟಿನ ಅಥವಾ ಪ್ರದೇಶದ ಹೆಸರು. ಚಿತ್ರದಲ್ಲಿದ್ದವಳು ಒಂದು ಕಡೆ, ಅದನ್ನು ಕೊಂಡು ಯುರೋಪಿಗೆ ಅಂಚೆಯಲ್ಲಿ ಕಳಿಸುತ್ತಿದ್ದವನು ಇನ್ನೊಂದು ಕಡೆ. ಸಿನಿಮಾದ ಬಾಗಿಲಿಗಂತೂ ಬೀಗವೇ ಬಿದ್ದಿತ್ತು: ಫ್ರೆಂಚ್ ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಸರ್ಕಾರದ ಅನುಮತಿ ಬೇಕೆಂದು 1934ರ ಲವಾಲ್ ಆದೇಶ ಕಟ್ಟು ಮಾಡಿತು. ಹೀಗಾಗಿ ಆಫ್ರಿಕಾದ ಚಿತ್ರ ನಿರ್ದೇಶಕ ಪೌಲಿನ್ ವಿಯೆರಾ ಮತ್ತು ಸಂಗಡಿಗರು 1955ರಲ್ಲಿ ‘ಆಫ್ರಿಕ್ ಸ್ಯುರ್ ಸೇನ್’ ಚಿತ್ರವನ್ನು ತಮ್ಮ ನೆಲ ಬಿಟ್ಟು ಪ್ಯಾರಿಸ್‌ನಲ್ಲಿ ತೆಗೆಯಬೇಕಾಯಿತು.

ಸ್ಟುಡಿಯೋ ಮಾತ್ರ ತೆರೆದಿತ್ತು. ಕೆಯಿತಾ ಸುಮಾರು 1921ರಲ್ಲಿ ಬಮಾಕೋದಲ್ಲಿ ಹುಟ್ಟಿದವರು, ಮರಗೆಲಸ ಕಲಿತವರು. 1935ರಲ್ಲಿ ಚಿಕ್ಕಪ್ಪ ಸೆನೆಗಲ್‌ನಿಂದ ತಂದುಕೊಟ್ಟ ಕೊಡಾಕ್ ಬ್ರೌನಿ ಕ್ಯಾಮೆರಾ ಅವರ ದಾರಿ ಬದಲಿಸಿತು. 1948ರಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಸ್ವಂತ ಸ್ಟುಡಿಯೋ ತೆರೆದರು. ಹೆಚ್ಚಾಗಿ ಅಂಗಳದ ಹಗಲು ಬೆಳಕಿನಲ್ಲೇ ಕೆಲಸ. 13×18 ಸೆಂಟಿಮೀಟರ್ ನೆಗೆಟಿವ್. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್. ಮೊದಲ ಹಿನ್ನೆಲೆ ಪರದೆ ಅವರ ಹಾಸಿಗೆಯ ಮೇಲುಹೊದಿಕೆಯೇ! ಕೆಲವು ವರ್ಷಗಳಿಗೊಮ್ಮೆ ಪರದೆ ಬದಲಾಗುತ್ತಿದ್ದುದರಿಂದ, ಯಾವ ಚಿತ್ರ ಯಾವ ಕಾಲದ್ದು ಎಂದು ಮುಂದೆ ಗುರುತಿಸಲು ಆ ಬಟ್ಟೆಯೇ ನೆರವಾಯಿತು.

ಸ್ಟುಡಿಯೋದಲ್ಲಿ ಸೂಟು, ಕೈಗಡಿಯಾರ, ಪೆನ್ನು, ರೇಡಿಯೋ, ಸ್ಕೂಟರ್ ಎಲ್ಲವೂ ಇದ್ದವು. ಬೇಕಾದವರು ತೊಟ್ಟುಕೊಂಡು, ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳಬಹುದಿತ್ತು. 1959ರ ಒಂದು ಚಿತ್ರವನ್ನು ನೋಡಿ. ಬಿಳಿ ಕೋಟು, ಟೈ, ದಪ್ಪ ಚೌಕಟ್ಟಿನ ಕನ್ನಡಕ, ಜೇಬಿನಲ್ಲಿ ಪೆನ್ನು. ತರುಣನ ಕೈಯಲ್ಲಿ ಒಂದೇ ಒಂದು ಹೂವು, ನಮ್ಮ ಕಡೆಗೆ ಚಾಚಿದಂತೆ. ಓದಿದವನು, ಪಟ್ಟಣದವನು, ಮೃದು ಮನಸ್ಸಿನವನು: ತಾನು ಹೇಗೆ ಕಾಣಬೇಕೆಂದು ಅವನೇ ನಿರ್ಧರಿಸಿದ್ದಾನೆ. ದುಡ್ಡು ಕೊಟ್ಟವನೂ ಅವನೇ, ಪ್ರತಿಯನ್ನು ಮನೆಗೆ ಒಯ್ದವನೂ ಅವನೇ. ಪೋಸ್ಟ್‌ಕಾರ್ಡಿಗೂ ಇದಕ್ಕೂ ಇರುವ ನಿಜವಾದ ಅಂತರ ಇದು.

1960ರ ಸೆಪ್ಟೆಂಬರ್ 22ರಂದು ಮಾಲಿ ಸ್ವತಂತ್ರವಾಯಿತು. ಕೆಯಿತಾ ಸರ್ಕಾರಿ ಛಾಯಾಗ್ರಾಹಕರಾಗಿ ತಮ್ಮ ಸ್ಟುಡಿಯೋ ಮುಚ್ಚಿದರು. ಅಷ್ಟರಲ್ಲಿ ಸಿದಿಬೆ ತಮ್ಮ ಕ್ಯಾಮೆರಾವನ್ನು ಸ್ಟುಡಿಯೋದ ಗೋಡೆಯಾಚೆ, ರಾತ್ರಿಯ ನೃತ್ಯಕೂಟಗಳಿಗೆ ಹೊತ್ತೊಯ್ದಿದ್ದರು. ಕೂಟ ಮುಗಿಸಿ ಬಂದು ಫಿಲ್ಮ್ ತೊಳೆದು, ಚಿಕ್ಕ ಪ್ರತಿಗಳನ್ನು ರಟ್ಟಿಗೆ ಅಂಟಿಸಿ ಅಂಗಡಿ ಮುಂದೆ ಇಡುತ್ತಿದ್ದರು. ಹುಡುಗ ಹುಡುಗಿಯರು ಬಂದು ತಮ್ಮದನ್ನು ಆರಿಸಿಕೊಳ್ಳುತ್ತಿದ್ದರು. 1963ರ ಕ್ರಿಸ್‌ಮಸ್ ರಾತ್ರಿಯ ಚಿತ್ರದಲ್ಲಿ ಬಿಳಿ ಸೂಟಿನ ಹುಡುಗ, ಬರಿಗಾಲಿನ ಹುಡುಗಿ, ತಲೆಗೆ ತಲೆ ತಾಗುವಷ್ಟು ಬಾಗಿ ಕುಣಿಯುತ್ತಿದ್ದಾರೆ. 2007ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಮೇಳ ಸಿದಿಬೆಯವರಿಗೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟಿತು. ಈ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು.

ಈ ಸಂತಸದ ಚಿತ್ರಗಳು ಬಮಾಕೋದ ಮನೆಗಳಲ್ಲಿ ಉಳಿದಿದ್ದಾಗಲೇ ಜಗತ್ತು ಬೇರೆಯದೇ ಆಫ್ರಿಕಾವನ್ನು ನೋಡಿತು. 1984ರ ಅಕ್ಟೋಬರ್ 23ರಂದು ಬಿಬಿಸಿ ಇಥಿಯೋಪಿಯಾದ ಕೊರೆಮ್‌ನ ಕ್ಷಾಮವನ್ನು ತೋರಿಸಿತು. ವರದಿಗಾರ ಮೈಕೆಲ್ ಬರ್ಕ್. ದೃಶ್ಯಗಳನ್ನು ಸೆರೆಹಿಡಿದವರು ನೈರೋಬಿಯಲ್ಲಿ ಹುಟ್ಟಿದ ಮೊಹಮ್ಮದ್ ಅಮೀನ್. ಆ ದೃಶ್ಯಗಳಿಂದ ನೆರವು ಹರಿದುಬಂತು, ಜೀವಗಳು ಉಳಿದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಸಿವಿಗೆ ಮಳೆಯ ಕೊರತೆಯಷ್ಟೇ ಅಂತರ್ಯುದ್ಧವೂ ಸೇನಾ ಸರ್ಕಾರದ ನೀತಿಯೂ ಕಾರಣವೆಂಬುದು ನೋಡುಗರಿಗೆ ಮಸುಕಾಗಿಯೇ ಉಳಿಯಿತು. ಒಂದು ದೇಶದ ಒಂದು ಸಂಕಟ ಇಡೀ ಖಂಡದ ಮುಖವಾಯಿತು. ಕ್ಯಾಮೆರಾ ಹಿಡಿದವರು ಆಫ್ರಿಕಾದವರೇ ಆದರೂ ಆ ಚಿತ್ರಗಳ ನೋಡುಗರು ದೂರದಲ್ಲಿದ್ದರು.

1991ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಕೆಯಿತಾ ಚಿತ್ರಗಳು ತೂಗಿದವು, ‘ಅಜ್ಞಾತ ಛಾಯಾಗ್ರಾಹಕ’ ಎಂಬ ಚೀಟಿಯೊಂದಿಗೆ! ಆಗ ಅವರು ಬಮಾಕೋದಲ್ಲೇ ಇದ್ದರು. ಕಲಾ ಸಂಯೋಜಕ ಆಂದ್ರೆ ಮಾನ್ಯಾಂ ಅಲ್ಲಿಗೆ ಹೋಗಿ ಅವರನ್ನು ಪತ್ತೆಮಾಡಿದ ಬಳಿಕ 1994ರಲ್ಲಿ ಪ್ಯಾರಿಸ್‌ನ ಕಾರ್ತಿಯೇ ಪ್ರತಿಷ್ಠಾನದಲ್ಲಿ ಅವರ ಪ್ರದರ್ಶನ ನಡೆಯಿತು. ಅದೇ ವರ್ಷ ಬಮಾಕೋದಲ್ಲಿ ಆಫ್ರಿಕನ್ ಛಾಯಾಚಿತ್ರಗಳ ಬಿನಾಲೆಯೂ ಆರಂಭವಾಯಿತು. ಅಂಗೈ ಅಗಲದ ಪ್ರತಿಗಳು ಗ್ಯಾಲರಿಗಳಲ್ಲಿ ಆಳೆತ್ತರಕ್ಕೆ ಬೆಳೆದವು. 2001ರಲ್ಲಿ ಕೆಯಿತಾ ತೀರಿಕೊಂಡ ಮೇಲೆ ನೆಗೆಟಿವ್‌ಗಳಿಗಾಗಿ ವ್ಯಾಜ್ಯವೂ ನಡೆಯಿತು. ಅವರ ಹೆಸರೇನೋ ಗೋಡೆಗೆ ಮರಳಿದೆ. ಕ್ಯಾಮೆರಾ ಮುಂದೆ ಕುಳಿತು ಫೋಟೊ ತೆಗೆಸಿಕೊಂಡವರ ಹೆಸರುಗಳು ಮಾತ್ರ ಹೆಚ್ಚಿನ ಚೀಟಿಗಳಲ್ಲಿ ಕಾಣುವುದಿಲ್ಲ. ಹೂವು ಹಿಡಿದ ಆ ತರುಣನ ಚಿತ್ರದ ಕೆಳಗೂ ‘ಶೀರ್ಷಿಕೆ ಇಲ್ಲ’ ಎಂದಿರುತ್ತದೆ.