ಎಂಜಿನ್ನಿನ ಉಸಿರು ಎಲ್ಲಿಗೆ ಹೋಗಬೇಕು? ಖಡಕಿಯಿಂದ ಕ್ಯಾಚ್ ಕ್ಯಾನ್‌ವರೆಗೆ

ಕೇಳೋದಕ್ಕಿಂತ ಓದೋದು ಇಷ್ಟ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇದು.

ಪುಣೆಯಲ್ಲಿ ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಮನೆ ಬಾಡಿಗೆ, ಹಿಂಜೆವಾಡಿ ಟ್ರಾಫಿಕ್, ಊರಿಗೆ ಹೋಗೋ ದಾರಿ, ಇಷ್ಟು ಮುಗಿದ ಮೇಲೆ ಮಾತು ಕಾರಿಗೆ ಬಂದೇ ಬರುತ್ತೆ. ಈಗ ಹೆಚ್ಚಿನವರ ಹತ್ತಿರ ಟರ್ಬೊ ಪೆಟ್ರೋಲ್ ಕಾರಿದೆ. ಜೊತೆಗೆ ಐದು ಅಥವಾ ಏಳು ವರ್ಷದ ಸಾಲವೂ ಇದೆ. ಆಗ ಯಾರೋ ಒಬ್ಬರು ಹೇಳ್ತಾರೆ: "ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಿಬಿಡು ಮಾರಾಯ, ಇಲ್ಲಾಂದ್ರೆ ಎಂಜಿನ್ ಒಳಗೆ ಕಾರ್ಬನ್ ಕಟ್ಟಿಕೊಳ್ಳುತ್ತೆ." ಇನ್ನೊಬ್ಬರು ಹೇಳ್ತಾರೆ: "ಹಾಕಿಸಿದರೆ ವಾರಂಟಿ ಹೋಗುತ್ತೆ." ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಕಂಪನಿಯಿಂದ ಬಂದ ಹಾಗೇ ಇರುವ, ದಿನಾ ಆಫೀಸಿಗೆ ಓಡುವ ಕಾರಿಗೆ ಇದು ಬೇಕಾಗಿಲ್ಲ. ಆದರೆ ಇದನ್ನ ಬರೀ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಡಿ. ಈ ಪುಟ್ಟ ಡಬ್ಬಿಯ ಹಿಂದೆ ನೂರು ವರ್ಷದ ಒಂದು ಪ್ರಶ್ನೆ ಇದೆ: ಎಂಜಿನ್ ಬಿಡೋ ಉಸಿರು ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಯನ್ನ ಶುರು ಮಾಡೋಕೆ ಖಡಕಿಗಿಂತ ಒಳ್ಳೆ ಜಾಗ ಇಲ್ಲ.

ಬೆಳಗಾವಿಯಿಂದ ಖಡಕಿಗೆ

ಖಡಕಿ ಅಂದ್ರೆ ಇತಿಹಾಸದ ಪುಸ್ತಕದಲ್ಲಿ 1817ರ ನವೆಂಬರ್ 5ರ ಯುದ್ಧ. ಪೇಶ್ವೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಅಲ್ಲಿ ಕಾಳಗ ಆಯ್ತು. ಆಮೇಲೆ ಅದು ದಂಡುಪ್ರದೇಶ ಆಯ್ತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ನಮ್ಮ ಕಥೆಗೆ ಬೇಕಾದ್ದು ಇನ್ನೊಂದು ಕಾರ್ಖಾನೆ: 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್.

ಕಿರ್ಲೋಸ್ಕರ್ ಮನೆಮಾತು ಮರಾಠಿ. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ರಾಜರು ಜಾಗ ಕೊಟ್ಟರು. ಔಂಧ್ ಅಂದ್ರೆ ನಿಮ್ಮಲ್ಲಿ ಕೆಲವರು ಬಾಡಿಗೆಗೆ ಇರೋ ಪುಣೆಯ ಔಂಧ್ ಅಲ್ಲ, ಸಾತಾರಾ ಕಡೆಯ ಔಂಧ್ ಸಂಸ್ಥಾನ. ಹಾಗೆ 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅವರ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ 1926ರಲ್ಲಿ ಪದವಿ ಪಡೆದು ಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. 1946ರಲ್ಲಿ ಬೆಂಗಳೂರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅದೇ ವರ್ಷ ಖಡಕಿಯಲ್ಲಿ ಡೀಸೆಲ್ ಎಂಜಿನ್. ನೋಡಿ, ಬೆಳಗಾವಿಯಿಂದ ಪುಣೆಗೆ ಕೆಲಸಕ್ಕೆ ಬಂದವರಲ್ಲಿ ನಾವೇ ಮೊದಲಿಗರಲ್ಲ.

ನಿಮ್ಮಲ್ಲಿ ಮೆಕ್ಯಾನಿಕಲ್ ಓದಿ ಐಟಿಗೆ ಬಂದವರು ಬೇಕಾದಷ್ಟು ಜನ ಇದ್ದೀರಿ. ಕಾಲೇಜಿನ ಲ್ಯಾಬ್‌ನಲ್ಲಿ ಹ್ಯಾಂಡಲ್ ತಿರುಗಿಸಿ ಶುರು ಮಾಡ್ತಿದ್ದ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ ನೆನಪಿದೆಯಾ? ಎಷ್ಟೋ ಕಾಲೇಜುಗಳಲ್ಲಿ ಅದು ಕಿರ್ಲೋಸ್ಕರ್ ಎಂಜಿನ್ನೇ. ಟಿವಿ1 ಮಾದರಿ ಆದರೆ 661 ಸಿಸಿ, ನಿಮಿಷಕ್ಕೆ 1500 ಸುತ್ತು, 5.2 ಕಿಲೋವ್ಯಾಟ್. ನಮ್ಮ ಹೊಲಗಳಲ್ಲಿ ನೀರೆತ್ತಿದ್ದೂ ಇಂಥವೇ ಎಂಜಿನ್ನುಗಳು.

ಆ ಎಂಜಿನ್ 1500 ಸುತ್ತಿನಲ್ಲಿ ಓಡಿದರೆ ನಿಮಿಷಕ್ಕೆ 750 ಸಲ ಇಂಧನ ಉರಿಯುತ್ತೆ. ಪ್ರತಿ ಸಲ ಪಿಸ್ಟನ್ ಮೇಲೆ ಭಾರಿ ಒತ್ತಡ. ರಿಂಗುಗಳು ಎಷ್ಟೇ ಚೆನ್ನಾಗಿರಲಿ, ಒಂಚೂರು ಗಾಳಿ ಪಕ್ಕದಿಂದ ಕೆಳಗೆ, ಆಯಿಲ್ ಇರೋ ಕ್ರ್ಯಾಂಕ್‌ಕೇಸ್ ಒಳಗೆ ನುಸುಳುತ್ತೆ. ಇದಕ್ಕೆ ಬ್ಲೋ-ಬೈ ಅಂತಾರೆ. ಅದರಲ್ಲಿ ಉರಿದ ಅನಿಲ, ನೀರಿನ ಆವಿ, ಉರಿಯದ ಇಂಧನ, ಜೊತೆಗೆ ಆಯಿಲ್‌ನ ಸಣ್ಣ ಸಣ್ಣ ಹನಿ. ಇದಕ್ಕೆ ಹೊರಗೆ ಹೋಗೋಕೆ ದಾರಿ ಬೇಕು. ದಾರಿ ಕೊಡದಿದ್ದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲುಗಳು ಸೋರುತ್ತವೆ. ಹಳೇ ಎಂಜಿನ್ನುಗಳಲ್ಲಿ ಉತ್ತರ ಸರಳ: ಒಂದು ಬ್ರೀದರ್, ಉಸಿರು ನೇರ ಹೊರಗಿನ ಗಾಳಿಗೆ. ಹೊಲದ ಮಧ್ಯೆ ಒಂದು ಪಂಪ್‌ಸೆಟ್ ಉಸಿರು ಬಿಟ್ಟರೆ ಯಾರೂ ಕೇಳಲ್ಲ. ಅದೇ ಉಸಿರನ್ನ ಊರ ತುಂಬಾ ಲಕ್ಷಾಂತರ ಎಂಜಿನ್ ಬಿಟ್ಟರೆ?

ರಸ್ತೆಗೆ ಬಿಟ್ಟದ್ದು ಮೂಗಿಗೆ ಬಂತು

ಕಾರುಗಳಲ್ಲೂ ದಶಕಗಳ ಕಾಲ ಹೀಗೇ ಇತ್ತು. ಎಂಜಿನ್‌ನಿಂದ ಕೆಳಕ್ಕೆ ಒಂದು ಕೊಳವೆ, ಓಡುವಾಗ ಗಾಳಿಯ ಸೆಳೆತಕ್ಕೆ ಉಸಿರೆಲ್ಲ ರಸ್ತೆಗೆ. ಲಾಸ್ ಏಂಜಲೀಸ್‌ನಲ್ಲಿ ಜನರಿಗೆ ಕಣ್ಣುರಿ ಶುರುವಾದಾಗ, 1950ರ ದಶಕದಲ್ಲಿ ಹಾಗೆನ್-ಸ್ಮಿಟ್ ಅನ್ನೋ ರಸಾಯನವಿಜ್ಞಾನಿ ಆ ಹೊಗೆಮಂಜಿಗೆ ವಾಹನಗಳ ಅನಿಲ ಮತ್ತು ಬಿಸಿಲು ಸೇರಿ ಕಾರಣ ಅಂತ ತೋರಿಸಿದರು. ಲೆಕ್ಕ ಹಾಕಿದಾಗ ಕಾರು ಬಿಡೋ ಹೈಡ್ರೋಕಾರ್ಬನ್‌ನಲ್ಲಿ ಸುಮಾರು ಐದನೇ ಒಂದು ಭಾಗ ಸೈಲೆನ್ಸರ್‌ನಿಂದ ಅಲ್ಲ, ಈ ಕೊಳವೆಯಿಂದ ಬರ್ತಿತ್ತು.

ಪರಿಹಾರ ಆಗಲೇ ಕೈಯಲ್ಲಿತ್ತು. ಎರಡನೇ ಮಹಾಯುದ್ಧದ ಟ್ಯಾಂಕುಗಳು ನೀರಲ್ಲಿ ಇಳಿದು ದಾಟುವಾಗ ಬ್ರೀದರ್‌ನಿಂದ ನೀರು ಒಳಗೆ ಬರಬಾರದು ಅಂತ, ಉಸಿರನ್ನ ಎಂಜಿನ್ನಿನ ಗಾಳಿದಾರಿಗೇ ವಾಪಸ್ ತಿರುಗಿಸೋ ವ್ಯವಸ್ಥೆ ಮಾಡಿದ್ದರು. ಇದೇ ಪಿಸಿವಿ ವಾಲ್ವ್. ಉಸಿರು ಹೊರಗೆ ಹೋಗದೆ, ಎಂಜಿನ್ನೇ ಅದನ್ನ ಎಳೆದುಕೊಂಡು ಉರಿಸಿಬಿಡುತ್ತೆ. 1961ರ ಮಾಡೆಲ್ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಮಾಡೆಲ್‌ಗಳಿಂದ ಇಡೀ ಅಮೆರಿಕದಲ್ಲಿ ಇದು ಬಂತು. ವಾಹನ ಮಾಲಿನ್ಯದ ವಿರುದ್ಧ ಮೊದಲು ಬಂದ ಸಾಧನಗಳಲ್ಲಿ ಇದೊಂದು, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಹತ್ತು ವರ್ಷಕ್ಕೂ ಮುಂಚೆ.

ನಮ್ಮ ದೇಶದಲ್ಲಿ ಪೆಟ್ರೋಲ್ ವಾಹನಗಳಿಗೆ ಹೊಗೆ ನಿಯಮ ಬಂದದ್ದು 1991ರಲ್ಲಿ. 2000ರಲ್ಲಿ ಯುರೋಪಿನ ಮಾದರಿಯ ನಿಯಮ, 2005ರಲ್ಲಿ ಬಿಎಸ್ 3, 2010ರಲ್ಲಿ ಬಿಎಸ್ 4. ಈ ಎರಡರಲ್ಲೂ ದೊಡ್ಡ ನಗರಗಳ ಮೊದಲ ಪಟ್ಟಿಯಲ್ಲೇ ಬೆಂಗಳೂರಿನ ಜೊತೆ ಪುಣೆಯೂ ಇತ್ತು. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 6. ಇದರ ಪ್ರಕಾರ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಉಸಿರು ಹೊರಗಿನ ಗಾಳಿಗೆ ಹೋಗಲೇಬಾರದು. ವಾಹನಗಳನ್ನ ಹೀಗೆ ಪರೀಕ್ಷೆ ಮಾಡೋ ಸಂಸ್ಥೆ ಎಆರ್‌ಎಐ ಇರೋದೂ ಪುಣೆಯಲ್ಲೇ, ಕೋಥ್ರೂಡ್ ಬೆಟ್ಟದ ಮೇಲೆ, 1966ರಿಂದ.

ಡಬ್ಬಿ ಬಂದದ್ದು ರೇಸಿನಿಂದ

ಹಾಗಾದರೆ ಕ್ಯಾಚ್ ಕ್ಯಾನ್ ಎಲ್ಲಿಂದ ಬಂತು? ರೇಸ್ ಟ್ರ್ಯಾಕಿನಿಂದ. ಅಲ್ಲಿ ಎಂಜಿನ್ ಸದಾ ಏರುಸುತ್ತಿನಲ್ಲಿ, ತಿರುವುಗಳಲ್ಲಿ ಆಯಿಲ್ ಒಂದು ಕಡೆಗೆ ನುಗ್ಗುತ್ತೆ, ಬ್ರೀದರ್‌ನಿಂದ ಆಯಿಲ್ ಚೆಲ್ಲಿದರೆ ಹಿಂದೆ ಬರೋನು ಜಾರ್ತಾನೆ. ಅದಕ್ಕೇ ಎಫ್‌ಐಎ ನಿಯಮದಲ್ಲಿ ತೆರೆದ ಬ್ರೀದರ್ ಇರೋ ಕಾರಿಗೆ ಡಬ್ಬಿ ಕಡ್ಡಾಯ: 2000 ಸಿಸಿವರೆಗೆ ಕನಿಷ್ಠ 2 ಲೀಟರ್, ಅದಕ್ಕೂ ದೊಡ್ಡದಾದರೆ 3 ಲೀಟರ್. ಒಳಗೆ ಎಷ್ಟಿದೆ ಅನ್ನೋದು ಹೊರಗಿಂದ ಕಾಣಬೇಕು. ಗಮನಿಸಿ, ಡಬ್ಬಿ ಹುಟ್ಟಿದ್ದು ಎಂಜಿನ್ ಉಳಿಸೋಕಲ್ಲ, ಹಿಂದೆ ಬರೋನನ್ನ ಉಳಿಸೋಕೆ.

ಅದು ನಮ್ಮ ರಸ್ತೆಗೆ ಇಳಿದದ್ದು ಎರಡು ಕಾರಣಕ್ಕೆ. ಮೊದಲನೇದು ಟರ್ಬೊ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಮಾರಾಟದ ಕಾರಿಗೆ ಬಂದದ್ದು 1962ರಲ್ಲಿ ಅಮೆರಿಕದಲ್ಲಿ. ಸಾಧಾರಣ ಎಂಜಿನ್ನಿನಲ್ಲಿ ಗಾಳಿದಾರಿಯೊಳಗೆ ಸೆಳೆತ ಇರುತ್ತೆ, ಉಸಿರು ಆ ಕಡೆಗೆ ಸಲೀಸಾಗಿ ಹೋಗುತ್ತೆ. ಟರ್ಬೊ ಒತ್ತೋಕೆ ಶುರು ಮಾಡಿದರೆ ಅಲ್ಲಿ ಸೆಳೆತ ಹೋಗಿ ಒತ್ತಡ ಬರುತ್ತೆ. ಆಗ ಪಿಸಿವಿಯ ಆ ದಾರಿ ಮುಚ್ಚಿಕೊಳ್ಳುತ್ತೆ, ಉಸಿರು ಇನ್ನೊಂದು ದಾರಿಯಲ್ಲಿ ಟರ್ಬೊ ಮುಂದಿನ ಕೊಳವೆಗೆ ಹೋಗುತ್ತೆ. ಊರಿಗೆ ಹೋಗುವಾಗ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಖಂಬಾಟ್ಕಿ ಘಾಟ್ ಹತ್ತುವಾಗ ಆಗೋದು ಇದೇ. ಉಸಿರೂ ಜಾಸ್ತಿ, ಅದರ ಜೊತೆ ಬಂದ ಆಯಿಲ್ ಹನಿ ಟರ್ಬೊ ದಾಟಿ ಇಂಟರ್‌ಕೂಲರ್‌ನಲ್ಲಿ ಜಿಡ್ಡಾಗುತ್ತೆ.

ಎರಡನೇದು ಡೈರೆಕ್ಟ್ ಇಂಜೆಕ್ಷನ್. ಮೊದಲು ಪೆಟ್ರೋಲನ್ನ ಗಾಳಿದಾರಿಯಲ್ಲೇ, ವಾಲ್ವ್ ಹಿಂದೆ ಚಿಮುಕಿಸ್ತಿದ್ದರು. ಪೆಟ್ರೋಲಿನಲ್ಲಿ ಕ್ಲೀನರ್ ಇರುತ್ತೆ, ವಾಲ್ವ್ ದಿನಾ ತೊಳೆದ ಹಾಗೆ ಆಗ್ತಿತ್ತು. ನೇರ ಸಿಲಿಂಡರ್ ಒಳಗೇ ಚಿಮುಕಿಸೋಕೆ ಶುರು ಮಾಡಿದ ಮೇಲೆ ತೊಳೆಯೋರು ಯಾರೂ ಇಲ್ಲ. ಬಿಸಿ ವಾಲ್ವ್ ಮೇಲೆ ಆಯಿಲ್ ಹನಿ ಸುಟ್ಟು ಕರಿ ಪದರ ಕಟ್ಟುತ್ತೆ. ಅದು ದಪ್ಪ ಆದರೆ ಕೆಲವು ಕಡೆ ಅಕ್ರೋಟಿನ ಸಿಪ್ಪೆಯ ಪುಡಿಯನ್ನ ರಭಸದಿಂದ ಊದಿ ಕೆರೆದು ತೆಗೀತಾರೆ, ಲೋಹಕ್ಕೆ ಗೀರು ಬೀಳಬಾರದು ಅಂತ. ಅಂದ್ರೆ ಕ್ಯಾಚ್ ಕ್ಯಾನ್ ಪರ ಮಾತಾಡೋರು ಸುಳ್ಳು ಹೇಳ್ತಿಲ್ಲ, ತೊಂದರೆ ನಿಜವಾದದ್ದೇ.

ಹಾಗಾದರೆ ಹಾಕಿಸಬೇಕಾ?

ಮೊದಲು ನಿಮ್ಮ ಎಂಜಿನ್ ಯಾವುದು ನೋಡಿಕೊಳ್ಳಿ. ಚಾಕಣ್‌ನಲ್ಲಿ ತಯಾರಾಗೋ ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ, ಹ್ಯುಂಡೈನ 1.0 ಟರ್ಬೊ, ಇವು ಡೈರೆಕ್ಟ್ ಇಂಜೆಕ್ಷನ್. ಟಾಟಾ ನೆಕ್ಸಾನ್‌ನ 1.2 ಟರ್ಬೊ ಪೆಟ್ರೋಲ್ ಹಳೇ ಪದ್ಧತಿಯಂತೆ ವಾಲ್ವ್ ಹಿಂದೆ ಚಿಮುಕಿಸುತ್ತೆ. ಎರಡನೇ ಜಾತಿಯ ಎಂಜಿನ್ ಆದರೆ ವಾಲ್ವ್ ಮಸಿಯ ಚಿಂತೆ ಬಹುಪಾಲು ಬಿಟ್ಟುಬಿಡಿ.

ಮೊದಲನೇ ಜಾತಿ ಆದರೂ ಒಂದು ವಿಷಯ ತಿಳಿದಿರಲಿ. ಈಗಿನ ಎಂಜಿನ್ನಿನಲ್ಲಿ ಕಂಪನಿಯವರೇ ಒಂದು ಆಯಿಲ್ ಸೆಪರೇಟರ್ ಇಟ್ಟಿರ್ತಾರೆ. ಉಸಿರನ್ನ ಸುತ್ತಿ ಬಳಸಿ ಓಡಿಸಿ, ಆಯಿಲ್ ಹನಿಯನ್ನ ಬೇರೆ ಮಾಡಿ ಕೆಳಗೆ ವಾಪಸ್ ಬಿಡುತ್ತೆ. ಅದೂ ಒಂದು ಕ್ಯಾಚ್ ಕ್ಯಾನೇ, ನೀವು ಖಾಲಿ ಮಾಡಬೇಕಾಗಿಲ್ಲ ಅಷ್ಟೇ. ಹೊರಗಿನ ಡಬ್ಬಿ ಇದರ ಕಣ್ಣು ತಪ್ಪಿಸಿ ಬಂದದ್ದನ್ನ ಇನ್ನಷ್ಟು ಹಿಡಿಯುತ್ತೆ, ಪೂರ್ತಿ ಹಿಡಿಯಲ್ಲ.

ಇನ್ನು ಅದರ ಬೆಲೆ. ಹಣದ ಮಾತಲ್ಲ, ಜವಾಬ್ದಾರಿಯ ಮಾತು. ಡಬ್ಬಿ ತುಂಬಿತು, ನೀವು ಮರೆತಿರಿ ಅಂದುಕೊಳ್ಳಿ. ಉಸಿರಿನ ದಾರಿ ಕಟ್ಟಿತು, ಒಳಗೆ ಒತ್ತಡ ಏರಿತು. ಟರ್ಬೊಗೆ ಹೋದ ಆಯಿಲ್ ತನ್ನ ಭಾರಕ್ಕೇ ಕೆಳಗೆ ಇಳಿದು ಬರಬೇಕು. ಕೆಳಗೆ ಒತ್ತಡ ಇದ್ದರೆ ಅದು ಇಳಿಯಲ್ಲ, ಟರ್ಬೊ ಸೀಲು ದಾಟಿ ಹೊಗೆ ಕಾರುತ್ತೆ. ಪೈಪು ಸಡಿಲ ಆದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಎಂಜಿನ್ ಲೈಟ್ ಹತ್ತಿಕೊಳ್ಳುತ್ತೆ. ಎಂಜಿನ್ ಉಳಿಸೋಕೆ ಅಂತ ಹಾಕಿದ್ದೇ ಅದಕ್ಕೆ ಮುಳುವಾಗುತ್ತೆ. ವಾರಂಟಿ ಇರುವಾಗ ತಕರಾರು ಎದ್ದರೆ ಮೊದಲು ಕಣ್ಣಿಗೆ ಬೀಳೋದೂ ಆ ಹೊಸ ಪೈಪೇ.

ಡಬ್ಬಿ ಮುಚ್ಚಳ ತೆರೆದಾಗ ಹಾಲು ಕಾಫಿ ಬಣ್ಣದ ನೀರು ಕಂಡು "ನೋಡ್ರಪ್ಪಾ, ಇಷ್ಟೆಲ್ಲ ಎಂಜಿನ್ನಿಗೆ ಹೋಗ್ತಿತ್ತು" ಅಂತ ಗಾಬರಿ ಆಗಬೇಡಿ. ಅದರಲ್ಲಿ ಬಹಳಷ್ಟು ನೀರಿನ ಆವಿ ತಣಿದು ಆದದ್ದು. ಚಳಿಗಾಲದ ಬೆಳಗ್ಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸೋ ಕಾರಲ್ಲಿ ಇದು ಇನ್ನೂ ಜಾಸ್ತಿ.

ಹಾಗಾಗಿ ನನ್ನ ಲೆಕ್ಕ ಹೀಗೆ. ಆಫೀಸ್, ಮನೆ, ತಿಂಗಳಿಗೊಮ್ಮೆ ಊರು ಅನ್ನೋ ಕಾರಿಗೆ ಬೇಡ. ಆ ದುಡ್ಡಲ್ಲಿ ಒಳ್ಳೆ ಆಯಿಲ್ ಹಾಕಿಸಿ. ಕಂಪನಿ ಪುಸ್ತಕ ಹೇಳಿದ ದರ್ಜೆಯದ್ದೇ ಇರಲಿ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆ ಮಾಡಿದ್ದೇ ಇಂಥ ಟರ್ಬೊ ಎಂಜಿನ್ನುಗಳನ್ನೂ ಮನಸ್ಸಲ್ಲಿಟ್ಟುಕೊಂಡು. ನಿಂತು ನಿಂತು ಓಡೋ ಟ್ರಾಫಿಕ್ ಆದರೆ ಕಿಲೋಮೀಟರ್ ಮುಗಿಯೋ ಮುಂಚೆಯೇ ಬದಲಿಸಿ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗೋವರೆಗೆ ಹೈವೇಯಲ್ಲಿ ಓಡಿಸಿ, ಒಳಗಿನ ನೀರು, ಪೆಟ್ರೋಲು ಆರಿಹೋಗುತ್ತೆ.

ಎಂಜಿನ್ ರೀಮ್ಯಾಪ್ ಮಾಡಿಸಿದ್ದೀರಿ, ಟ್ರ್ಯಾಕಿಗೆ ಹೋಗ್ತೀರಿ, ವಾರಂಟಿ ಮುಗಿದಿದೆ, ಪ್ರತಿ ತಿಂಗಳು ಬಾನೆಟ್ ತೆಗೆದು ನೋಡೋ ಅಭ್ಯಾಸ ಇದೆ. ಇಷ್ಟೂ ಇದ್ದರೆ ಹಾಕಿಸಿ. ಆದರೆ ಬರೀ ಖಾಲಿ ಡಬ್ಬಿ ಬೇಡ, ಒಳಗೆ ತಡೆತಟ್ಟೆ ಅಥವಾ ಜಾಲರಿ ಇರಬೇಕು. ಹೊರಗೆ ಹೋಗೋ ಪೈಪು ಮತ್ತೆ ಎಂಜಿನ್ನಿಗೇ ಸೇರಬೇಕು. ಡಬ್ಬಿ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಗಾಳಿಗೆ ಬಿಡೋ ಪದ್ಧತಿ ಮಾತ್ರ ಬೇಡವೇ ಬೇಡ. ಪಿಯುಸಿ ತಪಾಸಣೆ ಸೈಲೆನ್ಸರ್ ಹೊಗೆ ಮಾತ್ರ ನೋಡುತ್ತೆ, ಇದನ್ನ ಹಿಡಿಯಲ್ಲ. ಆದರೆ 1961ರಲ್ಲಿ ಮುಚ್ಚಿದ ಕೊಳವೆಯನ್ನ ಸಿಗ್ನಲ್‌ನಲ್ಲಿ ಪಕ್ಕ ನಿಂತ ಸ್ಕೂಟರ್‌ನವರ ಮೂಗಿಗೆ ಮತ್ತೆ ತೆರೆದ ಹಾಗೆ ಅದು.

ಕೊನೇ ಮಾತು. ಡಬ್ಬಿಯಲ್ಲಿ ಹಿಡಿದದ್ದನ್ನ ಸೊಸೈಟಿಯ ಚರಂಡಿಗೆ ಸುರೀಬೇಡಿ. ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ಖಡಕಿಯ ಪಕ್ಕದಲ್ಲೇ ಹರಿಯೋ ಮುಳಾ ನದಿಗೆ ಈಗಾಗಲೇ ಸಾಕಷ್ಟು ಹೊರೆ ಇದೆ. ಎಂಜಿನ್ನಿನ ಉಸಿರು ನಾವು ಕಟ್ಟಿದರೂ ಬಿಟ್ಟರೂ ಎಲ್ಲೋ ಒಂದು ಕಡೆ ಹೋಗೇ ಹೋಗುತ್ತೆ. ಅದು ಎಲ್ಲಿಗೆ ಅಂತ ಗೊತ್ತಿಟ್ಟುಕೊಂಡು ಹಾಕಿಸಿ, ಇಲ್ಲಾ ಬಿಡಿ. ಮುಂದಿನ ವಾರ ಸಿಗೋಣ.