ಕವಚವನ್ನು ನಂಬದ ನಿಯಮ

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೊದಲು ಹೊರಬಂದದ್ದು 1897ರಲ್ಲಿ. ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿದ ಕವಚದ ಕೇಬಲ್ 1903ರ ಆವೃತ್ತಿಯಲ್ಲೇ ಅದರೊಳಗೆ ಸೇರಿತು. ವೈರಿಂಗ್ ಕೆಲಸದವರ ಬಾಯಲ್ಲಿ ಅದು ಬಿಎಕ್ಸ್. ಮೊಳೆಯಿಂದ, ಇಲಿಯ ಹಲ್ಲಿನಿಂದ ತಂತಿಯನ್ನು ಕಾಯಲು ಬಂದ ಈ ಕವಚದ ಮೇಲೆ ಮುಂದೆ ಇನ್ನೊಂದು ಹೊಣೆ ಬಿತ್ತು. ಒಳಗಿನ ತಂತಿ ಸವೆದು ಲೋಹಕ್ಕೆ ತಗುಲಿದರೆ ಆ ಕರೆಂಟನ್ನು ಹೊತ್ತು ಹಿಂದಕ್ಕೆ ಒಯ್ದು ಫ್ಯೂಸ್ ಹಾರಿಸಬೇಕು, ಅಂದರೆ ಅರ್ಥಿಂಗ್ ಆಗಬೇಕು. ಸ್ಫೋಟದ ಭಯವಿರುವ ಜಾಗಗಳಲ್ಲಿ ಅರ್ಥಿಂಗ್ ನಿಯಮ ಇಂದು ಇಷ್ಟು ಬಿಗಿಯಾಗಿರುವುದು, ಈ ಎರಡನೆಯ ಹೊಣೆಗೆ ಕವಚವೊಂದೇ ಸಾಲದೆಂಬ ಅರಿವಿನಿಂದ ಎಂಬುದು ನನ್ನ ವಾದ.

ಹಳೆಯ ಕೇಬಲ್ಲನ್ನು ಕತ್ತರಿಸಿ ನೋಡಿದರೆ ಕಾರಣ ಕಾಣುತ್ತದೆ. ಕವಚ ಕಣ್ಣಿಗೆ ಒಂದೇ ಕೊಳವೆ. ಕರೆಂಟಿಗೆ ಅದು ಸ್ಪ್ರಿಂಗ್. ಸುತ್ತಿನಿಂದ ಸುತ್ತಿಗೆ ಅಂಚು ತಾಕುವಲ್ಲಿ ತುಕ್ಕು ಕೂತರೆ ಕರೆಂಟು ಅಡ್ಡ ದಾಟಲಾರದೆ ಉದ್ದನೆಯ ಪಟ್ಟಿಯನ್ನೇ ಸುತ್ತಿ ಸುತ್ತಿ ಹೋಗಬೇಕು. ಆಗ ಫ್ಯೂಸ್ ಹಾರುವಷ್ಟು ಕರೆಂಟು ಹರಿಯದೆ, ಕವಚವೇ ಒಲೆಯ ಕಾಯಿಲ್‌ನಂತೆ ಕೆಂಪಗೆ ಕಾಯಬಹುದು. 1959ರಲ್ಲಿ ಕಡ್ಡಾಯವಾದ ಮದ್ದು ತೀರ ಸರಳ: ಕವಚದೊಳಗೆ ಉದ್ದಕ್ಕೂ ಪ್ರತಿ ಸುತ್ತಿಗೂ ತಾಗಿಕೊಂಡು ಹೋಗುವ ಅಲ್ಯೂಮಿನಿಯಂ ಪಟ್ಟಿ. ಅದನ್ನು ಎಲ್ಲಿಯೂ ಜೋಡಿಸುವುದಿಲ್ಲ, ತುದಿಯಲ್ಲಿ ಮಡಚಿ ಬಿಡುತ್ತಾರೆ. ಸುತ್ತುಗಳ ನಡುವೆ ಅಡ್ಡದಾರಿ ಕೊಡುವುದಷ್ಟೇ ಅದರ ಕೆಲಸ.

ಪೆಟ್ರೋಲ್ ಆವಿ, ಧಾನ್ಯದ ದೂಳು ತುಂಬಿದ ಜಾಗಗಳಿಗೆ ಇಷ್ಟು ಸಾಲದು. ಅಂಥ ಜಾಗಗಳಿಗೆಂದು ಕೋಡ್ 1923ರಲ್ಲೇ ಬೇರೆ ಅಧ್ಯಾಯ ತೆರೆದಿತ್ತು. ಮೀಥೇನ್ ಹೊತ್ತಿಕೊಳ್ಳಲು ಸುಮಾರು 0.3 ಮಿಲಿಜೂಲ್ ಸಾಕು. ಹೈಡ್ರೋಜನ್‌ಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಹಾಗಾಗಿ ಇಲ್ಲಿ ಲಾಕ್‌ನಟ್ ಬಿಗಿದ ಮಾತ್ರಕ್ಕೆ ಲೋಹಗಳು ಕೂಡಿಕೊಂಡವು ಎಂದು ಕೋಡ್ ಒಪ್ಪುವುದಿಲ್ಲ. ಜಂಪರ್ ತಂತಿಯನ್ನೋ ಅದಕ್ಕೆಂದೇ ಮಾಡಿದ ಫಿಟ್ಟಿಂಗನ್ನೋ ಕೇಳುತ್ತದೆ. ಬ್ರೇಕರ್ ಕ್ಷಣದಲ್ಲಿ ಕೆಳಗೆ ಬೀಳುತ್ತದಲ್ಲ, ಮತ್ತೇಕೆ ಈ ಖರ್ಚು ಎಂದು ಕೇಳಬಹುದು. ಆದರೆ ಬ್ರೇಕರ್ ಬೀಳುವುದಕ್ಕೇ ಆ ಭಾರೀ ಕರೆಂಟು ಜೋಡಣೆಗಳನ್ನೆಲ್ಲ ಹಾದು ಹೋಗಬೇಕು; ಸಡಿಲವಾದದ್ದು ಆ ಕ್ಷಣದಲ್ಲೇ ಕಿಡಿ ಕಾರುತ್ತದೆ. ಈ ಕಟ್ಟುಪಾಡು ಅಪಾಯದ ಗೋಡೆಯಾಚೆಗೂ, ಕಟ್ಟಡಕ್ಕೆ ವಿದ್ಯುತ್ ಬರುವ ಮೂಲದವರೆಗೂ ಯಾಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಲ್ಲಿ ಆವಿಯಿಲ್ಲ, ದೂಳಿಲ್ಲ, ನಿಜ. ಆದರೆ ದೂರದ ಒಂದು ಜೋಡಣೆ ಕೆಟ್ಟರೂ ಬ್ರೇಕರ್ ತಡವಾಗುತ್ತದೆ, ದಾರಿ ಸಿಗದ ಕರೆಂಟು ಆವಿ ತುಂಬಿದ ಕೋಣೆಯ ಪೈಪು, ಯಂತ್ರಗಳ ಮೈಮೇಲೆ ದಾರಿ ಹುಡುಕುತ್ತದೆ.

1990ರ ದಶಕದಲ್ಲಿ, ಸಂದಿಲ್ಲದ ಸುಕ್ಕುಗಟ್ಟಿದ ಲೋಹದ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಪದರ ಇರುವ ಕೇಬಲ್ಲಿಗೆ ಅತ್ಯಂತ ಅಪಾಯದ ಜಾಗಗಳಲ್ಲೂ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಒಳಗೆ ಬೇರೆಯೇ ಅರ್ಥ್ ತಂತಿ ಇರಬೇಕೆಂಬುದು ಆ ಷರತ್ತುಗಳಲ್ಲೊಂದು. ಕವಚ ಕಡೆಗೂ ನಿಜವಾಗಿ ಒಂದೇ ಆಗಿರುವಾಗ ಇದು ಅತಿಯಲ್ಲವೇ? ಅಲ್ಲ ಎನ್ನುತ್ತೇನೆ. ಹೊದಿಕೆಗೆ ಸಂದಿಲ್ಲದಿದ್ದರೂ ತುದಿಯ ಗ್ಲ್ಯಾಂಡ್ ಬಿಗಿಯುವುದು ಒಬ್ಬನ ಕೈಯ ಸ್ಪ್ಯಾನರ್. ವರ್ಷಗಟ್ಟಲೆ ಪಂಪಿನ ನಡುಕಕ್ಕೆ ಸಿಕ್ಕಿ ಅದು ಅರ್ಧ ಸುತ್ತು ಸಡಿಲಾದರೂ, ತನ್ನದೇ ಟರ್ಮಿನಲ್‌ಗೆ ಕಚ್ಚಿಕೊಂಡ ತಂತಿ ಅಲ್ಲೇ ಇರುತ್ತದೆ.